ಬೈಕುಲಾದ ಆಜಿ, ನಮ್ಮ ಡಾಕ್ಟರ್ ಬಾಯಿ

ಮದುವೆಯಾಗಿ ಬೆಳಗಾವಿಯಿಂದ ಮುಂಬಯಿಗೆ ಬಂದ ಮೂರನೆಯ ವರ್ಷ ನನಗೊಂದು ಕೆಲಸ ಸಿಕ್ಕಿತು. ಐವತ್ತರ ದಶಕದ ನಡುವಿನ ಮಾತು. ಬೈಕುಲಾದ ಒಂದು ಧರ್ಮಾರ್ಥ ದವಾಖಾನೆಯ ಮೇಲಂತಸ್ತಿನಲ್ಲಿ ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ಸಣ್ಣದೊಂದು ವಿಭಾಗ ಶುರುವಾಗಿತ್ತು. ಅಲ್ಲಿಯ ಡಾಕ್ಟರಿಗೆ ಇಂಗ್ಲಿಷ್ ಬಿಟ್ಟರೆ ಇಲ್ಲಿಯ ಭಾಷೆ ಯಾವುದೂ ಬರುತ್ತಿರಲಿಲ್ಲ. ಟೈಪ್ ಮಾಡಲು ಮತ್ತು ಮರಾಠಿಯಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮರಾಠಿಗೆ ಮಾತು ದಾಟಿಸಲು ಒಬ್ಬರು ಬೇಕಾಗಿದ್ದರು. ಬೆಳಗಾವಿಯಲ್ಲಿ ಬೆಳೆದವಳಿಗೆ ಮರಾಠಿಯನ್ನು ಯಾರೂ ಕಲಿಸಬೇಕಾಗಿಲ್ಲ. ನಮ್ಮ ಮನೆಯ ಎಡಕ್ಕೂ ಬಲಕ್ಕೂ ಅದೇ ಭಾಷೆ.

ನಾವಿದ್ದದ್ದು ಸಯನ್‌ನಲ್ಲಿ, ಎರಡು ಕೋಣೆಯ ಮನೆ. ಗಂಡ ರೈಲ್ವೆ ಆಫೀಸಿನಲ್ಲಿ ಗುಮಾಸ್ತರು. ಧಾರವಾಡದಿಂದ ಬಂದ ಅತ್ತೆಯವರು ನಮ್ಮ ಜೊತೆಗಿದ್ದರು. ನಾನು ಕೆಲಸಕ್ಕೆ ಹೋಗುವುದಕ್ಕೆ ಅವರ ಅಡ್ಡಿಯೇನೂ ಇರಲಿಲ್ಲ. ಆದರೆ ಎಂಥ ದವಾಖಾನೆ ಎಂದು ಕಟ್ಟಡದವರ ಮುಂದೆ ಹೇಳಬಾರದು, ಕೇಳಿದರೆ ಕಣ್ಣಿನ ದವಾಖಾನೆ ಎನ್ನಬೇಕು ಎಂದು ಮಗನಿಗೆ ತಾಕೀತು ಮಾಡಿದ್ದರು.

ಡಾಕ್ಟರಿಗೆ ಆಗ ಐವತ್ತರ ಆಸುಪಾಸು. ಸಪೂರ ದೇಹ, ದಪ್ಪ ಕನ್ನಡಕ, ವರ್ಷವಿಡೀ ಬೂದು ಬಣ್ಣದ ಫ್ರಾಕು. ಯುರೋಪಿನ ನಡುವಿನ ಯಾವುದೋ ದೊಡ್ಡ ಊರಿನ ಯಹೂದಿ ಹೆಂಗಸು. ಯುದ್ಧ ಶುರುವಾಗುವ ಮೊದಲು ಒಂದೇ ಪೆಟ್ಟಿಗೆ ಹಿಡಿದುಕೊಂಡು ಹಡಗು ಹತ್ತಿ ಬಂದವರು. ಗ್ರಾಂಟ್ ರೋಡಿನ ಹತ್ತಿರ ಪಾರ್ಸಿ ವಿಧವೆಯೊಬ್ಬರ ಮನೆಯಲ್ಲಿ ಒಂದು ಕೋಣೆ ಹಿಡಿದಿದ್ದರು. ಬೆಳಗಿನ ತಿಂಡಿ ಅಲ್ಲಿಯೇ ಒಂದು ಉಡುಪಿ ಹೋಟೆಲಿನಲ್ಲಿ. ಹಾಲೂ ಸಕ್ಕರೆಯೂ ಇಲ್ಲದ ಕಾಫಿ ಕೇಳುವ ಈ ಹೆಂಗಸಿಗೆ ಏನೋ ಕಾಯಿಲೆ ಇರಬೇಕು ಎಂದು ಹೋಟೆಲಿನವರು ಮರುಗಿ, ಇಡ್ಲಿಯ ಜೊತೆ ಚಟ್ನಿಯನ್ನು ಎರಡು ಸಲ ಹಾಕುತ್ತಿದ್ದರಂತೆ. ದವಾಖಾನೆಗೆ ಬರುವವರೆಲ್ಲ ಅವರನ್ನು ಡಾಕ್ಟರ್ ಬಾಯಿ ಎನ್ನುತ್ತಿದ್ದರು.

ಮಗುವಿನ ತೊಂದರೆ ಮಗುವೊಂದರಲ್ಲೇ ಇರುವುದಿಲ್ಲ, ಅದು ಇಡೀ ಮನೆಯದು ಎಂದು ಅವರು ನಂಬಿದ್ದರು. ಹಾಗಾಗಿ ಅಪ್ಪ, ಅಮ್ಮ, ಅಜ್ಜಿ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಬೇಕು. ಆ ಕಾಲಕ್ಕೆ ಅದು ಹೊಸ ಪದ್ಧತಿ. ಕೆಳಗಿನ ಅಂತಸ್ತಿನ ಡಾಕ್ಟರುಗಳು ನಮ್ಮ ಕೋಣೆಯನ್ನು ಪಂಚಾಯ್ತಿ ಕಟ್ಟೆ ಎಂದು ನಗುತ್ತಿದ್ದರು. ಡಾಕ್ಟರ್ ಬಾಯಿಗೆ ಈ ನಂಬಿಕೆ ಬಂದದ್ದು ಪುಸ್ತಕದಿಂದಷ್ಟೇ ಅಲ್ಲ ಎಂದು ನನಗನಿಸುತ್ತದೆ. ತಮ್ಮ ತವರಿನ ಊಟದ ಮೇಜನ್ನು ಅವರು ಆಗಾಗ ನೆನೆಯುತ್ತಿದ್ದರು. ಅಪ್ಪ, ಚಿಕ್ಕಪ್ಪಂದಿರು, ಅಕ್ಕಂದಿರು ಎಲ್ಲರೂ ಒಟ್ಟಿಗೇ ಮಾತಾಡುವುದು, ವಾದ ಮಾಡುವುದು, ಮೇಜು ಗುದ್ದುವುದು. ಯಾರಾದರೂ ಒಂದು ದಿನ ವಾದಕ್ಕಿಳಿಯದಿದ್ದರೆ ಅಮ್ಮ ಹಣೆ ಮುಟ್ಟಿ ಜ್ವರವೇನೋ ಎಂದು ನೋಡುತ್ತಿದ್ದಳಂತೆ.

ಒಂದು ದಿನ ಶಾಲೆಯ ಟೀಚರೊಬ್ಬರ ಚೀಟಿ ಹಿಡಿದುಕೊಂಡು ಒಂದು ಕುಟುಂಬ ಬಂತು. ಹತ್ತು ವರ್ಷದ ಹುಡುಗಿ, ಅವಳ ಅಪ್ಪ, ಅಮ್ಮ ಮತ್ತು ಅಪ್ಪನ ತಾಯಿ. ಹುಡುಗಿ ಶಾಲೆಯಲ್ಲಿ ಪಾಠ ಒಪ್ಪಿಸುತ್ತಾಳೆ, ಗೆಳತಿಯರ ಜೊತೆ ಆಡುತ್ತಾಳೆ. ಮನೆಯಲ್ಲಿ ಮಾತ್ರ ಎರಡು ತಿಂಗಳಿಂದ ಒಂದು ಮಾತೂ ಇಲ್ಲ. ಅಪ್ಪ ಪರೇಲಿನ ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಅಜ್ಜಿ ಕಚ್ಚೆ ಹಾಕಿ ಉಟ್ಟ ಒಂಬತ್ತು ಗಜದ ಸೀರೆಯಲ್ಲಿ ನೆಟ್ಟಗೆ ಕುಳಿತಿದ್ದರು. ಆಡುವುದು ಕೊಂಕಣದ ಕಡೆಯ ಮರಾಠಿ, ಹೆಸರಿನ ಕೊನೆಗೆ ಕೊಂಕಣದ್ದೇ ಒಂದು ಹಳ್ಳಿಯ ಹೆಸರು. ನಾನು ಅವರನ್ನು ಮರಾಠಿ ಹಿಂದೂಗಳೆಂದೇ ತಿಳಿದು ಫಾರ್ಮು ತುಂಬುತ್ತ ಹೋದೆ. ಧರ್ಮ ಎಂಬ ಜಾಗಕ್ಕೆ ಬಂದಾಗ ಅಪ್ಪ, ನಾವು ಬೆನೆ ಇಸ್ರಾಯೇಲರು ಎಂದರು. ಎಷ್ಟೋ ತಲೆಮಾರುಗಳಿಂದ ಕೊಂಕಣದಲ್ಲಿ ಎಣ್ಣೆಗಾಣ ನಡೆಸಿಕೊಂಡಿದ್ದು, ಆಮೇಲೆ ಮುಂಬಯಿ ಸೇರಿದ ಯಹೂದಿಗಳು ಇವರು.

ಡಾಕ್ಟರ್ ಬಾಯಿ ಫಾರ್ಮು ನೋಡಿ ಪೆನ್ನು ಕೆಳಗಿಟ್ಟರು. "ನಮ್ಮವರು" ಎಂದು ನನಗಷ್ಟೇ ಕೇಳುವ ಹಾಗೆ ಇಂಗ್ಲಿಷಿನಲ್ಲಿ ಹೇಳಿದರು. ಅವರ ಮುಖ ಅಷ್ಟು ಬೆಳಗಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಇವರ ಜೊತೆ ಸುತ್ತುಬಳಸು ಬೇಕಾಗಿಲ್ಲ, ಮನೆಯ ಮೇಜಿನ ಸುತ್ತ ಕೂತು ಮಾತಾಡಿದ ಹಾಗೆ ಮಾತಾಡಬಹುದು ಎಂದುಕೊಂಡರು. ಎಲ್ಲರಿಗೂ ಚಹಾ ತರಿಸಿದರು. ಮನಸ್ಸಿನಲ್ಲಿ ಏನಿದ್ದರೂ ಒಬ್ಬರ ಮುಂದೆ ಒಬ್ಬರು ಆಡಿಬಿಡಿ ಎಂದರು. ಆಮೇಲೆ ನೇರವಾಗಿ ಸೊಸೆಯ ಕಡೆ ತಿರುಗಿ, ಅತ್ತೆಯ ಯಾವ ಗುಣ ನಿಮಗೆ ಹಿಡಿಸುವುದಿಲ್ಲ ಎಂದು ಕೇಳಿದರು.

ಅದನ್ನು ಮರಾಠಿಗೆ ತರುವಾಗ ನನ್ನ ನಾಲಿಗೆ ತಡವರಿಸಿತು. ಆದರೂ ಹೇಳಿದೆ. ಇದ್ದದ್ದನ್ನು ಇದ್ದ ಹಾಗೇ ದಾಟಿಸಬೇಕು ಎಂದು ನನಗೆ ಹೇಳಿಕೊಟ್ಟಿದ್ದರು.

ಸೊಸೆ ಸೆರಗನ್ನು ಇನ್ನಷ್ಟು ಎಳೆದುಕೊಂಡಳು. ಮಗ ತಲೆಯ ಮೇಲಿನ ಫ್ಯಾನು ನೋಡಿದ. ಅಜ್ಜಿ ಕಪ್ಪನ್ನು ಮೇಜಿನ ಮೇಲಿಟ್ಟು ಎದ್ದುನಿಂತರು. ಚಹಾ ಕುಡಿಸಿದಿರಿ, ಉಪಕಾರವಾಯಿತು ಎಂದು ನನಗೆ ಹೇಳಿ, ಮೊಮ್ಮಗಳ ಕೈ ಹಿಡಿದು ಮೆಟ್ಟಿಲಿಳಿದು ಹೋದರು. ಹಿಂದೆಯೇ ಉಳಿದಿಬ್ಬರೂ ಹೋದರು.

ಡಾಕ್ಟರ್ ಬಾಯಿಗೆ ಏನಾಯಿತೆಂದೇ ತಿಳಿಯಲಿಲ್ಲ. ನನ್ನ ಅನುವಾದ ತಪ್ಪಾಯಿತೇ ಎಂದು ಕೇಳಿದರು. ಅನುವಾದ ಸರಿಯಿತ್ತು, ಅದೇ ತೊಂದರೆಯಾಯಿತು ಎಂದೆ. ನಮ್ಮತ್ತೆಯ ಎದುರಿಗೆ ಯಾರಾದರೂ ನನ್ನನ್ನು ಹೀಗೆ ಕೇಳಿದ್ದರೆ ನಾನು ಆ ಸಂಜೆ ಮನೆಗೆ ಹೋಗಲು ಹೆದರುತ್ತಿದ್ದೆ ಎಂದು ವಿವರಿಸಿದೆ. ಹಿರಿಯರ ಮುಂದೆ ಬಾಯಿ ಮುಚ್ಚಿಕೊಂಡಿರುವುದು ನಮ್ಮಲ್ಲಿ ಗೌರವ, ರೋಗವಲ್ಲ ಎಂದೂ ಹೇಳಿದೆ.

"ಆದರೆ ಅವರು ಯಹೂದಿಗಳಲ್ಲವೇ?" ಎಂದರು ಅವರು.

"ಹೌದು. ನನಗೆ ಮಾತ್ರ ಆ ಅಜ್ಜಿ ನಮ್ಮತ್ತೆಯ ಹಾಗೆಯೇ ಕಂಡರು" ಎಂದೆ.

ಅವರು ಎದ್ದು ಚಹಾದ ಕಪ್ಪುಗಳನ್ನು ಒಂದೆಡೆ ಸೇರಿಸಿದರು. ಆಮೇಲೆ, ಹಾಗಾದರೆ ನೀನೇ ಅವರ ಮನೆಗೆ ಹೋಗಿಬಾ, ನಿನಗೇ ಹೆಚ್ಚು ಗೊತ್ತು ಎಂದರು. ನನಗೂ ಹಾಗೆಯೇ ಅನಿಸಿ ಒಳಗೊಳಗೇ ಹೆಮ್ಮೆಯಾಯಿತು.

ಮುಂದಿನ ರವಿವಾರ ಮಧ್ಯಾಹ್ನ ಹೋದೆ. ಬರಿಗೈಲಿ ಹೋಗುವುದು ಹೇಗೆಂದು, ಅಪ್ಪ ಬೆಳಗಾವಿಯಿಂದ ತಂದಿದ್ದ ಕುಂದಾದ ಡಬ್ಬಿ ತೆಗೆದುಕೊಂಡೆ. ಹಾಲು ಕುದಿಸಿ ಕುದಿಸಿ ಕಂದು ಬಣ್ಣಕ್ಕೆ ತಿರುಗಿಸಿ ಮಾಡುವ ನಮ್ಮೂರಿನ ಸಿಹಿ ಅದು. ಬೈಕುಲಾ ಸ್ಟೇಶನ್ನಿನ ಹತ್ತಿರದ ಒಂದು ಚಾಳು, ಎರಡನೆಯ ಮಾಳಿಗೆ. ಬಾಗಿಲ ಚೌಕಟ್ಟಿಗೆ ಬೆರಳುದ್ದದ ಒಂದು ಲೋಹದ ಕೊಳವೆ ಬಡಿದಿದ್ದರು, ಅದರೊಳಗೆ ಅವರ ಧರ್ಮಗ್ರಂಥದ ಮಾತು ಬರೆದ ಸುರುಳಿ ಇರುತ್ತದಂತೆ. ಒಳಗೆ ಮೇಲಿನಿಂದ ಗಾಜಿನ ಎಣ್ಣೆದೀಪ ತೂಗುತ್ತಿತ್ತು. ಉಳಿದದ್ದೆಲ್ಲ, ಹಿತ್ತಾಳೆಯ ಹಂಡೆ, ಸಾಲಾಗಿಟ್ಟ ಡಬ್ಬಿಗಳು, ಗೋಡೆಗೆ ಒರಗಿಸಿದ ಮಣೆ, ನಮ್ಮ ಮನೆಯದೇ.

ಅಜ್ಜಿ ಸಿಟ್ಟೇನೂ ತೋರಿಸದೆ ಬರಮಾಡಿಕೊಂಡರು. ಮೊಮ್ಮಗಳು ಕರೆಯುವ ಹಾಗೆ ನಾನೂ ಅವರನ್ನು ಆಜಿ ಎಂದೆ. ಮಗ ಹೊರಗೆ ಹೋಗಿದ್ದ. ಸೊಸೆ ಪಾತ್ರೆ ತೊಳೆಯುತ್ತಿದ್ದಳು. ಹುಡುಗಿ ಕಿಟಕಿಯ ಹತ್ತಿರ ಕೂತಿದ್ದಳು. ಊರು, ಮನೆ, ಮಕ್ಕಳಿಲ್ಲವೇ ಎಂಬ ಮಾತೆಲ್ಲ ಆದವು. ಡಬ್ಬಿ ತೆರೆದು ಆಜಿಯ ಮುಂದಿಟ್ಟೆ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು, ಹಣೆಗೊತ್ತಿಕೊಂಡು, ಒಂದು ತಟ್ಟೆ ಮುಚ್ಚಿ ಪಕ್ಕಕ್ಕಿಟ್ಟರು. ಒಂದು ಚೂರಾದರೂ ಬಾಯಿಗೆ ಹಾಕಿಕೊಳ್ಳಿ ಎಂದೆ. ಆಮೇಲೆ ಎಂದರು. ನಾನು ಬಿಡಲಿಲ್ಲ. ನಮ್ಮ ಕಡೆ ಒತ್ತಾಯ ಮಾಡದಿದ್ದರೆ ಕೊಟ್ಟಂತೆಯೇ ಅಲ್ಲವಲ್ಲ. ಅವರು ನಕ್ಕು ತಲೆಯಾಡಿಸಿದರು. ಸೊಸೆಯನ್ನು ಕರೆದು ಕೊಡಹೋದೆ, ಅವಳೂ ಬೇಡವೆಂದಳು.

ನನ್ನ ಮುಖ ಬಿಸಿಯಾಯಿತು. ಬೆಳಗಾವಿಯಲ್ಲಿ ನಮ್ಮಜ್ಜಿ ಹೀಗೆಯೇ ನಗುನಗುತ್ತ ಎಷ್ಟೋ ಜನರ ಮನೆಯ ತಿಂಡಿಯನ್ನು ಪಕ್ಕಕ್ಕೆ ಇಡುತ್ತಿದ್ದದ್ದನ್ನು ನಾನು ನೋಡಿದ್ದೆ. ಆ ನಗುವಿನ ಈಚೆ ಬದಿಯಲ್ಲಿ ನಾನು ಯಾವತ್ತೂ ನಿಂತಿರಲಿಲ್ಲ. ಇವರು ನನ್ನ ಕೈಯಿಂದ ತಿನ್ನುವುದಿಲ್ಲ ಎಂದುಕೊಂಡು, ಹೊತ್ತಾಯಿತು ಎಂದು ಎದ್ದೆ.

ಆಗ ಕಿಟಕಿಯ ಕಡೆಯಿಂದ ದನಿ ಬಂತು. ಆ ಮನೆಯವರು ಆಡಿದ ಮರಾಠಿಯನ್ನು ನಾನು ಇಲ್ಲಿ ನನ್ನ ಬೆಳಗಾವಿ ಕನ್ನಡದಲ್ಲೇ ಬರೆಯುತ್ತೇನೆ.

"ಆಜಿ ಸಿಟ್ಟಾಗಿಲ್ಲ. ನಾವು ಈಗಷ್ಟ ಮಟನ್ ಉಂಡೀವಿ. ಮ್ಯಾಲ ಹಾಲಿಂದು ತಿನ್ನಂಗಿಲ್ಲ. ಸಂಜೀಕ ತಿಂತಾಳ."

ಅಡುಗೆಯ ಮೂಲೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಎರಡು ತಿಂಗಳ ಮೇಲೆ ಆ ಮನೆಯಲ್ಲಿ ಅವಳ ದನಿ ಕೇಳಿದ್ದು ಅದೇ ಮೊದಲು. ಆಜಿ ಮೊಮ್ಮಗಳ ಕಡೆ ತಿರುಗಲಿಲ್ಲ. ಒಳಗೆ ಬಂದ ಗುಬ್ಬಿ ಹಾರಿಹೋದೀತೆಂದು ಅಲುಗಾಡದೆ ಕೂರುವವರ ಹಾಗೆ ನನ್ನನ್ನೇ ನೋಡುತ್ತ, "ಖರೇ ಅದ, ಬಾಯಿ. ಕುಂಡ್ರು" ಎಂದರು. ನನ್ನ ಕುಂಕುಮ ನೋಡಿ, ಈಕೆಯ ಮುಂದೆ ಮಟನ್ನಿನ ಮಾತೆತ್ತಿದರೆ ಅಸಹ್ಯಪಟ್ಟಾಳು ಎಂದು ಅವರು ಸುಮ್ಮನಿದ್ದರಂತೆ. ನಾನು ಕೂತೆ. ಸಂಜೆಯವರೆಗೂ ಕೂತೆ. ದೀಪ ಹಚ್ಚುವ ಹೊತ್ತಿಗೆ ಆಜಿ ಡಬ್ಬಿ ತೆರೆದು, ಮೊದಲು ತಾವು ತಿಂದು, ಆಮೇಲೆ ಸೊಸೆಗೆ, ಮೊಮ್ಮಗಳಿಗೆ ಕೊಟ್ಟರು.

ಹೊರಟಾಗ ಹುಡುಗಿ ನನ್ನ ಜೊತೆ ಮೆಟ್ಟಿಲ ಕೆಳಗಿನವರೆಗೂ ಬಂದಳು. ಮಾತು ಯಾಕೆ ಬಿಟ್ಟೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು. ಅಪ್ಪನಿಗೊಂದು ಇಂಗ್ಲಿಷ್ ಕಾಗದ ಬಂದಿತ್ತು. ಅವರೆಲ್ಲ ಇಸ್ರೇಲಿಗೆ ಹೋಗಲು ಹಾಕಿದ ಅರ್ಜಿಯ ವಿಷಯ. ಆಜಿ ಇಲ್ಲದ ಹೊತ್ತಿನಲ್ಲಿ ಅದನ್ನು ಇವಳಿಂದ ಓದಿಸಿ, ಆಜಿಗೆ ಹೇಳಬೇಡ ಎಂದಿದ್ದ. ಆಜಿ ದಿನವೂ, ಆ ಕಾಗದದಲ್ಲಿ ಏನಿತ್ತು ಮಗಾ, ನೀನು ನನ್ನ ಹತ್ತಿರ ಸುಳ್ಳು ಹೇಳುವವಳಲ್ಲ ಎಂದು ಕೇಳುತ್ತಿದ್ದರು.

"ಹೇಳಬಾರದು, ಸುಳ್ಳೂ ಹೇಳಬಾರದು. ಅದಕ್ಕ ಮಾತ ಬಿಟ್ಟೆ" ಎಂದಳು.

ಸೋಮವಾರ ಡಾಕ್ಟರ್ ಬಾಯಿಗೆ ಎಲ್ಲವನ್ನೂ ಹೇಳಿದೆ. ಕುಂದಾದ ಕತೆಗೆ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು. ಅವರ ತಾಯಿಯೂ ಮಾಂಸಕ್ಕೊಂದು, ಹಾಲಿಗೊಂದು ಎಂದು ಪಾತ್ರೆಗಳನ್ನು ಬೇರೆ ಬೇರೆ ಇಡುತ್ತಿದ್ದರಂತೆ. ಕಾಲೇಜಿನ ದಿನಗಳಲ್ಲಿ ಇವರು ಹಟಕ್ಕೆಂದೇ ಹೋಟೆಲಿನಲ್ಲಿ ಎರಡನ್ನೂ ಸೇರಿಸಿ ತಿಂದು, ಮನೆಗೆ ಬಂದು ಊಟದ ಮೇಜಿನಲ್ಲಿ ಎಲ್ಲರ ಮುಂದೆ ಹೇಳಿದ್ದರು. ಆ ಒಂದು ರಾತ್ರಿ ಆ ಮೇಜಿನಲ್ಲಿ ಯಾರೂ ವಾದ ಮಾಡಲಿಲ್ಲವಂತೆ.

"ನಮ್ಮ ಮನೆಯಲ್ಲೂ ಸುಮ್ಮನಾಗುವುದು ಇತ್ತು. ಮರೆತಿದ್ದೆ" ಎಂದರು.

ಹುಡುಗಿಯ ಗುಟ್ಟನ್ನು ನಾವು ಒಡೆಯುವಂತಿರಲಿಲ್ಲ. ಡಾಕ್ಟರ್ ಬಾಯಿ ಅಪ್ಪನೊಬ್ಬನನ್ನೇ ಕರೆಸಿದರು. ಅರ್ಜಿಯ ವಿಷಯ ಎತ್ತಲೇ ಇಲ್ಲ. ನಿಮ್ಮ ಮಗಳು ಯಾರದೋ ಭಾರ ಹೊತ್ತಿದ್ದಾಳೆ, ಅದನ್ನು ಇಳಿಸುವುದು ನಿಮ್ಮಿಂದ ಆಗುತ್ತದೆ ಎಂದಷ್ಟೇ ಹೇಳಿದರು. ಅವನ ಕಿವಿ ಕೆಂಪಾಯಿತು. ನಿಮ್ಮ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು, ಒಬ್ಬರ ಮಾತನ್ನು ಉಳಿದವರು ಕೇಳುವ ಹೊತ್ತು ಯಾವುದು ಎಂದು ಕೇಳಿದರು. ಶುಕ್ರವಾರ ಸಂಜೆ, ನಮ್ಮ ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ದೀಪ ಹಚ್ಚಿದ ಮೇಲೆ ಎಂದ. ನಾನೂ ಬರಬಹುದೇ ಎಂದು ಕೇಳಿದರು. ತಾಯಿಯನ್ನು ಕೇಳಬೇಕು ಎಂದು ಹೋದವನು ಮರುದಿನ ಬಂದು, ಬನ್ನಿ ಎಂದಿದ್ದಾಳೆ, ಬೆಳಗಾವಿಯ ಬಾಯಿಗೆ ಹೊಸ ಮಡಕೆಯಲ್ಲಿ ಬೇರೆ ಅಡುಗೆ ಮಾಡುತ್ತಾಳಂತೆ ಎಂದು ತಿಳಿಸಿದ.

ಶುಕ್ರವಾರ ಹೊತ್ತು ಮುಳುಗುವ ಮೊದಲೇ ಹೋದೆವು. ಏನು ತಂದರೆ ನಡೆಯುತ್ತದೆ, ಏನು ತಂದರೆ ನಡೆಯುವುದಿಲ್ಲ ಎಂದು ನಮ್ಮಿಬ್ಬರಿಗೂ ಖಾತ್ರಿಯಿಲ್ಲದೆ ಬಾಳೆಹಣ್ಣು ತೆಗೆದುಕೊಂಡಿದ್ದೆವು. ತೂಗುವ ಗಾಜಿನ ದೀಪಕ್ಕೆ ಕೊಬ್ಬರಿ ಎಣ್ಣೆ ಹಾಕಿ ಹಚ್ಚಿದರು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ರೊಟ್ಟಿ, ಒಂದು ಬಟ್ಟಲು. ಬಟ್ಟಲಿನಲ್ಲಿ ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತು. ಮಗ ತಲೆಗೆ ಟೋಪಿ ಹಾಕಿ, ಬಟ್ಟಲು ಎತ್ತಿಕೊಂಡು ಹೀಬ್ರೂವಿನಲ್ಲಿ ಹೇಳತೊಡಗಿದ. ರಾಗ ನನಗೆ ಕೊಂಕಣದ ಕಡೆಯ ಯಾವುದೋ ಹಾಡಿನ ಹಾಗೆ ಕೇಳಿಸಿತು. ಪಕ್ಕಕ್ಕೆ ನೋಡಿದರೆ ಡಾಕ್ಟರ್ ಬಾಯಿಯ ತುಟಿ ಅಲುಗುತ್ತಿತ್ತು. ರಾಗ ಅವರಿಗೆ ಹೊಸದು, ಮಾತು ಗೊತ್ತಿತ್ತು. ಆಜಿ ಅದನ್ನು ಕಂಡರು.

"ಈಕಿ ನಮ್ಮಾಕಿ ಏನು?" ಎಂದು ನನ್ನನ್ನು ಕೇಳಿದರು.

ಹೌದು ಎಂದೆ. ಅವರಿಗೆ ಅದು ಗೊತ್ತೇ ಇರಲಿಲ್ಲ. ಫ್ರಾಕು ನೋಡಿ ಇಂಗ್ಲಿಷ್ ಮೇಡಂ ಎಂದೇ ತಿಳಿದಿದ್ದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಆಜಿ ಕೇಳಿದ್ದನ್ನು ನಾನು ದಾಟಿಸಿದೆ. ನೋಡಿದರೇ ತಿಳಿಯುತ್ತದೆ ಎಂದುಕೊಂಡಿದ್ದೆ ಎಂದರು ಡಾಕ್ಟರ್ ಬಾಯಿ.

ಆಮೇಲೆ ಅಪ್ಪ ಹುಡುಗಿಯ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದದ ಮಾತು ಹೇಳಿದ. ಹೇಳಿ ಮುಗಿದರೂ ಕೈ ತೆಗೆಯಲಿಲ್ಲ. ಹಾಗೇ ನಿಂತುಕೊಂಡು ತಾಯಿಗೆ, "ಆಯಿ, ನಾವು ಆ ಕಡೆ ಹೋಗಾಕ ಅರ್ಜಿ ಹಾಕೀನಿ. ನಿನಗ ಹೇಳಬ್ಯಾಡ ಅಂತ ಈಕಿಗೆ ನಾನ ಹೇಳಿದ್ದೆ. ತಪ್ಪು ನಂದು" ಎಂದ.

ಆಜಿ ರೊಟ್ಟಿಯ ಮೇಲಿನ ಬಟ್ಟೆಯನ್ನು ಸರಿಮಾಡಿದರು. "ಪ್ರಾರ್ಥನಾಕ್ಕ ಬರೋ ಮಂದಿಗೆಲ್ಲಾ ಗೊತ್ತದ. ನನಗ ಗೊತ್ತಿರೂದಿಲ್ಲೇನು? ನೀ ಕೇಳಲಿಲ್ಲ, ಅಷ್ಟ."

"ಅಪ್ಪನ ಗೋರಿ ಇಲ್ಲೇ ಅದ. ನೀ ಬರೂದಿಲ್ಲ ಅಂತ ತಿಳಕೊಂಡೆ."

"ಹುಟ್ಟಿದಾಗಿಂದ ಆ ದಿಕ್ಕಿಗೇ ಮುಖಾ ಮಾಡಿ ಪ್ರಾರ್ಥನಾ ಮಾಡೀನಿ. ಬರೂದಿಲ್ಲ ಅಂತ ನಿನಗ್ಯಾರು ಹೇಳಿದ್ರು?"

 ಆಗ ಅಡುಗೆಯ ಮೂಲೆಯಿಂದ, ಅಲ್ಲಿಯವರೆಗೆ ನಮ್ಮೆದುರು ಒಂದು ಮಾತೂ ಆಡದಿದ್ದ ಸೊಸೆ, "ನನ್ನೂ ಯಾರೂ ಕೇಳಲಿಲ್ಲ. ನಾ ಬರಾಕಿ ಅಲ್ಲ" ಎಂದಳು. ಅಲಿಬಾಗಿನ ಹತ್ತಿರದ ಹಳ್ಳಿಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದಳು.

ನಾನು ಪಿಸುದನಿಯಲ್ಲಿ ಇಂಗ್ಲಿಷಿಗೆ ತರುತ್ತಲೇ ಇದ್ದೆ. ಡಾಕ್ಟರ್ ಬಾಯಿ ನನ್ನ ಮೊಣಕೈ ಹಿಡಿದು, ಸಾಕು ಎಂಬಂತೆ ತಲೆಯಾಡಿಸಿದರು. ಆಮೇಲಿನದನ್ನು ಅವರು ಮುಖಗಳನ್ನು ನೋಡಿಯೇ ತಿಳಿದುಕೊಂಡರು. ಆಜಿ ಸೊಸೆಯ ಮೇಲೆ ಸಿಟ್ಟಾದಾರು ಎಂದು ನಾನು ಹೆದರಿದ್ದೆ. ಅವರು ಸ್ವಲ್ಪ ಸರಿದು ಪಕ್ಕದಲ್ಲಿ ಜಾಗ ಮಾಡಿ, ಇಲ್ಲಿ ಬಾ, ಮೊದಲು ಊಟ ಮಾಡು, ನಿನ್ನ ತಾಯಿ ಇರುವವರೆಗೆ ಯಾರೂ ಎಲ್ಲಿಗೂ ಹೋಗುವುದಿಲ್ಲ ಎಂದರು. ಸೊಸೆ ಬಂದು ಕೂತಳು. ಕೂತ ಮೇಲೆ ಅವಳಿಗೆ ಅಳು ಬಂತು. ಆಜಿ ಅವಳ ತಟ್ಟೆಗೆ ಬಡಿಸುತ್ತಲೇ ಹೋದರು.

ಹುಡುಗಿಯನ್ನಂತೂ ಆಮೇಲೆ ಸುಮ್ಮನಾಗಿಸಲು ಆಗಲಿಲ್ಲ. ನಿಮ್ಮೂರಿನಲ್ಲಿ ಹಿಮ ಬೀಳುತ್ತದೆಯೇ, ದ್ರಾಕ್ಷಿ ಶರಬತ್ತು ಮಾಡುತ್ತಾರೆಯೇ, ನೀವು ಸೀರೆ ಯಾಕೆ ಉಡುವುದಿಲ್ಲ ಎಂದು ಡಾಕ್ಟರ್ ಬಾಯಿಗೆ ಉಸಿರಾಡಲು ಬಿಡದೆ ತನ್ನ ಶಾಲೆಯ ಇಂಗ್ಲಿಷಿನಲ್ಲಿ ಕೇಳಿದಳು.

ಊಟವಾದ ಮೇಲೆ ಆಜಿ, ನಿಮ್ಮ ಮನೆಯಲ್ಲಿ ಈಗ ದೀಪ ಹಚ್ಚುವವರು ಯಾರು ಎಂದು ಕೇಳಿದರು. ಯಾರೂ ಉಳಿದಿಲ್ಲ ಎಂದರು ಡಾಕ್ಟರ್ ಬಾಯಿ. ಅಮ್ಮ ಯುದ್ಧದಲ್ಲಿ ಹೋದಳು, ಯಾವ ದಿನ ಎಂದು ತಿಳಿಯದು, ಹಾಗಾಗಿ ತೀರಿಕೊಂಡ ದಿನ ವರ್ಷಕ್ಕೊಮ್ಮೆ ಹಚ್ಚುವ ದೀಪವನ್ನು ಯಾವತ್ತು ಹಚ್ಚಬೇಕೋ ಗೊತ್ತಿಲ್ಲ, ಹಚ್ಚಿಯೂ ಇಲ್ಲ. ಇದನ್ನು ನಾನು ಮರಾಠಿಗೆ ತಂದೆ. ಆಜಿ ಡಾಕ್ಟರ್ ಬಾಯಿಯ ಕಡೆ ತಿರುಗಿದರು.

"ನಮ್ಮವ್ವ ಹೋದ ದಿನ ನಾ ದೀಪಾ ಹಚ್ಚತೀನಿ. ಆವತ್ತ ನೀನೂ ಬಾ. ನಿಮ್ಮವ್ವಂದೂ ಅಲ್ಲೇ ಹಚ್ಚೋಣು. ನಮ್ಮವ್ವ ಭಾಳ ಸಮಾಧಾನದಾಕಿ, ಹೊಂದಿಕೊಂಡು ಹೋಗತಾಳ."

"ನನ್ನ ಅಮ್ಮ ಹೊಂದಿಕೊಳ್ಳುವವಳಲ್ಲ. ವಾದ ಮಾಡುತ್ತಾಳೆ ಎಂದು ಹೇಳು" ಎಂದರು ಡಾಕ್ಟರ್ ಬಾಯಿ.

"ಮಾಡಲಿ ಬಿಡು. ನಮ್ಮವ್ವ ಕೇಳಕೋತ ಕೂಡತಾಳ" ಎಂದರು ಆಜಿ.

ಮನೆಗೆ ಬಂದು ಅತ್ತೆಯವರಿಗೆ ಎಲ್ಲವನ್ನೂ ಹೇಳಿದೆ. ಹಾಗೆ ಕೂತು ಅವರಿಗೆ ನನ್ನ ಕೆಲಸದ ಮಾತು ಹೇಳಿದ್ದು ಅದೇ ಮೊದಲು. ಬೇರೆ ಮಡಕೆಯಲ್ಲಿ ಮಾಡಿದ್ದು ಖರೆಯೇ ಎಂದು ಎರಡು ಸಲ ಕೇಳಿಕೊಂಡರು. ಎರಡು ದಿನ ಬಿಟ್ಟು ಶೇಂಗಾ ಉಂಡೆ ಕಟ್ಟಿ ಒಂದು ಡಬ್ಬಿ ತುಂಬಿ, ಆ ಹಿರೇ ಮನುಷ್ಯಾಳಿಗೆ ಕೊಡು, ಇದರಲ್ಲಿ ಹಾಲೂ ಇಲ್ಲ, ತುಪ್ಪವೂ ಇಲ್ಲ, ಯಾವಾಗ ಬೇಕಾದರೂ ತಿನ್ನಬಹುದು ಎಂದರು. ಕಟ್ಟಡದ ಹೆಂಗಸರಿಗೆ ಮಾತ್ರ ಕೊನೆಯವರೆಗೂ ಕಣ್ಣಿನ ದವಾಖಾನೆ ಎಂದೇ ಹೇಳುತ್ತಿದ್ದರು.

ಆ ಕುಟುಂಬ ಮತ್ತೆ ಮೂರು ನಾಲ್ಕು ಸಲ ದವಾಖಾನೆಗೆ ಬಂತು. ಡಾಕ್ಟರ್ ಬಾಯಿ ಈಗ ಮೊದಲು ಆಜಿಯ ಹತ್ತಿರ ಒಪ್ಪಿಗೆ ಪಡೆದು, ಆಮೇಲೆ ಸೊಸೆಯನ್ನು ಬೇರೆಯಾಗಿ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ತಾನು ಯಹೂದಿಯಾದದ್ದರಿಂದ ತನಗೆ ಗೊತ್ತು ಎಂದು ಅವರು ತಿಳಿದಿದ್ದರು. ಸೊಸೆಯಾದದ್ದರಿಂದ ನನಗೆ ಗೊತ್ತು ಎಂದು ನಾನು ತಿಳಿದಿದ್ದೆ. ಇಬ್ಬರೂ ಎಡವಿದ್ದೆವು. ಅದನ್ನು ನೆನೆದು ಎಷ್ಟೋ ಸಲ ನಕ್ಕಿದ್ದೇವೆ.

ಸೊಸೆಯ ತಾಯಿ ಮರುವರ್ಷ ತೀರಿಕೊಂಡಳು. ಅದಾದ ಮೇಲೂ ಒಂದು ವರ್ಷ ಅವರು ಹೊರಡಲಿಲ್ಲ. ಕೊನೆಗೆ ಸೊಸೆಯೇ ಹೋಗೋಣ ಎಂದಳಂತೆ. ಆಜಿಯೂ ಸೇರಿ ನಾಲ್ವರೂ ಹಡಗು ಹತ್ತಿದರು. ನಾನೂ ಡಾಕ್ಟರ್ ಬಾಯಿಯೂ ಬ್ಯಾಲಾರ್ಡ್ ಪಿಯರಿಗೆ ಹೋಗಿ ಕಳಿಸಿಬಂದೆವು.  ಡಾಕ್ಟರ್ ಬಾಯಿಯೂ ಹೋಗಬಹುದಿತ್ತು. ಇಲ್ಲಿಯ ಮಕ್ಕಳನ್ನು ಬಿಟ್ಟು ಎಲ್ಲಿಗೆ ಹೋಗಲಿ ಎಂದು ಒಂದೇ ಸಲ ಹೇಳಿದರು.

ಐದಾರು ತಿಂಗಳ ಮೇಲೆ ಹುಡುಗಿಯ ಕಾಗದ ಬಂತು. ಮರಾಠಿಯಲ್ಲಿ ನಾಲ್ಕು ಹಾಳೆ. ಆಜಿ ಚೆನ್ನಾಗಿದ್ದಾಳೆ, ಆದರೆ ಇಲ್ಲಿ ಹುಳಿಗೆ ಹಾಕುವ ಕೊಕಮ್ ಸಿಗುವುದಿಲ್ಲ, ಮೀನಿನ ಸಾರು ರುಚಿಯಾಗುವುದಿಲ್ಲ ಎಂದು ದಿನವೂ ಹೇಳುತ್ತಾಳೆ ಎಂದು ಬರೆದಿದ್ದಳು. ಮೀನಿನ ಸಾರಿನ ರುಚಿ ನನಗೇನು ಗೊತ್ತು. ಆದರೂ ದಾದರ್ ಮಾರ್ಕೆಟ್ಟಿಗೆ ಹೋಗಿ, ಅಂಗಡಿಯವನನ್ನು ಕೇಳಿ ಕೇಳಿ, ಒಳ್ಳೆಯ ಕಪ್ಪು ಕೊಕಮ್ ಸಿಪ್ಪೆ ತಂದೆ. ದವಾಖಾನೆಯಲ್ಲಿ ಕೂತು ಪೊಟ್ಟಣಕ್ಕೆ ಬಿಳಿ ಬಟ್ಟೆ ಹೊಲಿದು, ಇಂಗ್ಲಿಷಿನಲ್ಲಿ ವಿಳಾಸ ಬರೆದೆ. ಡಾಕ್ಟರ್ ಬಾಯಿ ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ ಹೀಬ್ರೂ ಅಕ್ಷರಗಳಲ್ಲಿ ಅದೇ ವಿಳಾಸವನ್ನು ಕೆಳಗೆ ಬಲದಿಂದ ಎಡಕ್ಕೆ ಬರೆಯತೊಡಗಿದರು. ಒಂದು ಅಕ್ಷರ ಮರೆತುಹೋಗಿ, ಮೇಜಿನ ಮೇಲೆ ಬೆರಳಿನಿಂದ ನಾಲ್ಕೈದು ಸಲ ಗೀಚಿ ನೋಡಿದರು. ನೆನಪಾಯಿತು. ಬರೆದು ಮುಗಿಸಿ, ಮಸಿ ಒಣಗಲೆಂದು ಪೊಟ್ಟಣವನ್ನು ಫ್ಯಾನಿನ ಕೆಳಗೆ ಹಿಡಿದುಕೊಂಡು ಕೂತರು.